ದಂತನಕ್ಷೆಯ ಸಾಕ್ಷ್ಯ: ನಾಯಿ ಬೆಕ್ಕುಗಳ ವಸಡುರೋಗದ ಲೆಕ್ಕಗಳನ್ನು ಕುರಿತು ಒಂದು ವಿಮರ್ಶೆ

ಮೂರು ವರ್ಷ ತುಂಬಿದ ನಾಯಿಗಳಲ್ಲಿ ನೂರಕ್ಕೆ ೮೦ರಷ್ಟು, ಬೆಕ್ಕುಗಳಲ್ಲಿ ನೂರಕ್ಕೆ ೭೦ರಷ್ಟು ವಸಡಿನ ರೋಗಕ್ಕೆ ಗುರಿಯಾಗಿರುತ್ತವೆ ಎಂಬ ವಾಕ್ಯ ಸಾಕುಪ್ರಾಣಿಗಳ ಆರೈಕೆಯ ಕೈಪಿಡಿಗಳಲ್ಲಿಯೂ ಹಲ್ಲಿಗೆ ಹಿತವೆಂದು ಮಾರುವ ತಿನಿಸುಗಳ ಜಾಹೀರಾತುಗಳಲ್ಲಿಯೂ ಮತ್ತೆ ಮತ್ತೆ ಕಾಣಸಿಗುತ್ತದೆ. ಎಷ್ಟು ನಾಯಿಗಳನ್ನು ನೋಡಿದರು, ಯಾರು ನೋಡಿದರು, ಎಚ್ಚರವಾಗಿದ್ದಾಗ ನೋಡಿದರೋ ಅರಿವಳಿಕೆ ಕೊಟ್ಟು ನೋಡಿದರೋ ಎಂಬುದನ್ನು ಈ ವಾಕ್ಯ ಸಾಮಾನ್ಯವಾಗಿ ಹೇಳುವುದಿಲ್ಲ. ಇದರ ಎದುರಿಗೆ ಇನ್ನೊಂದು ಲೆಕ್ಕವಿದೆ. ಬ್ರಿಟನ್ನಿನ ಪಶುವೈದ್ಯಶಾಲೆಗಳ ದಾಖಲೆಗಳಿಂದ ೨೨,೩೩೩ ನಾಯಿಗಳನ್ನು ಆರಿಸಿ, ೨೦೧೬ನೆಯ ಒಂದು ವರ್ಷದಲ್ಲಿ ಅವುಗಳ ಮೇಲೆ ಬರೆದಿದ್ದುದನ್ನು ಓದಿ, ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನವು ವಸಡುರೋಗ ದಾಖಲಾದುದು ನೂರಕ್ಕೆ ೧೨.೫ ನಾಯಿಗಳಲ್ಲಿ ಮಾತ್ರ ಎಂದು ತಿಳಿಸುತ್ತದೆ. ಒಂದೇ ರೋಗ, ಒಂದೇ ಜಾತಿಯ ಪ್ರಾಣಿ. ಎರಡು ಸಂಖ್ಯೆಗಳ ನಡುವೆ ಆರು ಪಟ್ಟಿಗೂ ಮಿಗಿಲಾದ ಅಂತರ.

ರೋಗನಿರ್ಣಯ ಮಾಡುವ ಅಧಿಕಾರ ಇತಿಹಾಸದ ಅಧ್ಯಾಪಕರಿಗಿಲ್ಲ. ಅದನ್ನು ನಾವು ಬಯಸುವುದೂ ಇಲ್ಲ. ಆದರೆ ದಾಖಲೆಯೊಂದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಅದರ ಮೌನವನ್ನು ಹೇಗೆ ಓದಬೇಕು ಎಂಬ ಪ್ರಶ್ನೆಗಳು ನಮ್ಮ ಶಾಸ್ತ್ರದವೇ ಆಗಿವೆ. ಮೇಲಿನ ಎರಡು ಸಂಖ್ಯೆಗಳ ಜಗಳವು ಮೂಲತಃ ನಾಯಿಯ ಬಾಯಿಯನ್ನು ಕುರಿತದ್ದಲ್ಲ, ದಂತನಕ್ಷೆಯೆಂಬ ಕಾಗದವನ್ನು ಕುರಿತದ್ದು. ಆ ಕಾಗದವನ್ನು ಒಂದು ಶಾಸನದಂತೆ ಇಟ್ಟುಕೊಂಡು ಓದುವುದು ಈ ಲೇಖನದ ಉದ್ದೇಶ.

ಪ್ರಾಣಿಯ ಬಾಯಿ ತೆರೆದು ಹಲ್ಲು ನೋಡುವ ಪದ್ಧತಿ ನಮಗೆ ಹೊಸದೇನಲ್ಲ. ದನಗಳ ಜಾತ್ರೆಯಲ್ಲಿ ಎತ್ತಿನ ತುಟಿಯನ್ನೆತ್ತಿ ಇದು ಹಾಲುಹಲ್ಲಿನದು, ಇದು ಎರಡು ಹಲ್ಲಿನದು, ಇದು ಬಾಯಿಗೂಡಿದುದು ಎಂದು ಒಕ್ಕಲಿಗರು ಕ್ಷಣಾರ್ಧದಲ್ಲಿ ಹೇಳಿಬಿಡುತ್ತಾರೆ. ಅಲ್ಲಿ ಹಲ್ಲು ವಯಸ್ಸಿಗೆ ಸಾಕ್ಷಿ, ವಯಸ್ಸು ಬೆಲೆಗೆ ಸಾಕ್ಷಿ. ನಾಯಿ ಬೆಕ್ಕುಗಳ ದಂತನಕ್ಷೆ ಕೇಳುವ ಪ್ರಶ್ನೆ ಬೇರೆ. ಹಲ್ಲು ಎಷ್ಟಿವೆ ಎಂಬುದಕ್ಕಿಂತ ಅವು ಯಾವುದರ ಆಧಾರದ ಮೇಲೆ ನಿಂತಿವೆ, ಆ ಆಧಾರ ಎಷ್ಟು ಉಳಿದಿದೆ ಎಂಬುದನ್ನು ಅದು ಅರಸುತ್ತದೆ. ವಸಡು, ಬೇರನ್ನು ಹೊದೆದಿರುವ ಪದರ, ಬೇರನ್ನೂ ಮೂಳೆಯನ್ನೂ ಬೆಸೆಯುವ ನಾರು, ದವಡೆಯ ಮೂಳೆ ಈ ನಾಲ್ಕೂ ಕೂಡಿದುದೇ ಆ ಆಧಾರ.

ಈ ನಕ್ಷೆಯಲ್ಲಿ ನಮ್ಮ ಮೆಚ್ಚುಗೆಗೆ ಪಾತ್ರವಾದುದು ಹಲ್ಲುಗಳ ಸಂಖ್ಯಾಕ್ರಮ. ಮನುಷ್ಯರ ಹಲ್ಲುಗಳನ್ನು ನಾಲ್ಕು ಪಾದಗಳಾಗಿ ವಿಂಗಡಿಸಿ ಬರೆಯುವ ಕ್ರಮವನ್ನು ಝಿಗ್ಮಂಡಿ ೧೮೬೧ರಲ್ಲಿಯೇ ಸೂಚಿಸಿದ್ದನು. ಪ್ರಾಣಿಗಳಿಗಾಗಿ ಟ್ರಯಡಾನ್ ೧೯೭೨ರಲ್ಲಿ ಮೂರು ಅಂಕೆಗಳ ಕ್ರಮವೊಂದನ್ನು ರೂಪಿಸಿದನು. ಫ್ಲಾಯ್ಡ್ ೧೯೯೧ರಲ್ಲಿ ಅದನ್ನು ತಿದ್ದಿ ಬೇರೆ ಬೇರೆ ಪ್ರಾಣಿಗಳಿಗೆ ಹೊಂದುವಂತೆ ಮಾಡಿದನು. ಮೊದಲ ಅಂಕೆ ಬಾಯಿಯ ಪಾದವನ್ನು ಹೇಳುತ್ತದೆ: ಮೇಲಿನ ಬಲಕ್ಕೆ ೧, ಮೇಲಿನ ಎಡಕ್ಕೆ ೨, ಕೆಳಗಿನ ಎಡಕ್ಕೆ ೩, ಕೆಳಗಿನ ಬಲಕ್ಕೆ ೪. ಉಳಿದೆರಡು ಅಂಕೆಗಳು ನಡುಗೆರೆಯಿಂದ ಹಲ್ಲಿನ ಸ್ಥಾನವನ್ನು ಹೇಳುತ್ತವೆ. ಕೋರೆಹಲ್ಲು ಎಲ್ಲಿದ್ದರೂ ೪, ಮೊದಲ ದವಡೆಹಲ್ಲು ಎಲ್ಲಿದ್ದರೂ ೯. ನಾಯಿಯ ಮೇಲ್ದವಡೆಯ ಬಲಭಾಗದಲ್ಲಿ ಮಾಂಸವನ್ನು ಸೀಳುವ ದೊಡ್ಡ ಹಲ್ಲಿಗೆ ಈ ಕ್ರಮದಲ್ಲಿ ೧೦೮ ಎಂಬ ಸಂಖ್ಯೆ ಬಂದಿದೆ. ಅಷ್ಟೋತ್ತರಶತದ ಪುಣ್ಯ ಅದಕ್ಕೆ ಅನಾಯಾಸವಾಗಿ ಲಭಿಸಿದೆಯೆನ್ನಬೇಕು. ಏಕೆಂದರೆ ಹೆಚ್ಚಾಗಿ ಕಿಟ್ಟ ಕಟ್ಟುವ ಹಲ್ಲುಗಳಲ್ಲಿ ಅದೂ ಒಂದು.

ಈ ಕ್ರಮದ ತಳಹದಿ ಪ್ರತಿಯೊಂದು ಪಾದದಲ್ಲಿಯೂ ಹನ್ನೊಂದು, ಒಟ್ಟು ೪೪ ಹಲ್ಲುಗಳುಳ್ಳ ಪೂರ್ಣ ದಂತಪಂಕ್ತಿ. ಹಂದಿಯಲ್ಲಿ ಇದು ಇಂದಿಗೂ ಹಾಗೆಯೇ ಇದೆ. ನಾಯಿಗೆ ಮೇಲ್ದವಡೆಯ ಕೊನೆಯ ಹಲ್ಲುಗಳೆರಡಿಲ್ಲ, ಆದುದರಿಂದ ೪೨. ಬೆಕ್ಕಿಗೆ ಉಳಿದಿರುವುದು ೩೦. ಆದರೆ ಬೆಕ್ಕಿನ ಹಲ್ಲುಗಳನ್ನು ಒಂದರಿಂದ ಹೊಸದಾಗಿ ಎಣಿಸಿಕೊಂಡು ಹೋಗುವುದಿಲ್ಲ. ಅದರ ಕೆಳದವಡೆಯ ಎಡಭಾಗದಲ್ಲಿ ೩೦೪ರ ಬಳಿಕ ಬರುವುದು ೩೦೭. ನಡುವಣ ಎರಡು ಸ್ಥಾನಗಳನ್ನು ಖಾಲಿ ಬಿಟ್ಟಿದೆ. ರಾಜಾವಳಿಯಲ್ಲಿ ಒಬ್ಬ ಅರಸನ ಶಾಸನ ದೊರೆಯದಿದ್ದರೂ ಅವನ ಸ್ಥಾನವನ್ನು ಬಿಟ್ಟು ಮುಂದಿನವನನ್ನು ಎಣಿಸುವ ಎಚ್ಚರದಂತೆಯೇ ಇದು. ಅಷ್ಟೇ ಅಲ್ಲ, ಇರಬೇಕಾಗಿದ್ದ ಹಲ್ಲು ಇಲ್ಲವಾದರೆ ನಕ್ಷೆಯಲ್ಲಿ ಅದರ ಚಿತ್ರಕ್ಕೆ ವೃತ್ತವೊಂದನ್ನು ಸುತ್ತುತ್ತಾರೆ. ಇಲ್ಲದುದನ್ನು ಇಲ್ಲವೆಂದು ಬರೆಯುವ ಈ ಶಿಸ್ತು ಹಲ್ಲಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿದೆಯೋ ರೋಗದ ವಿಷಯದಲ್ಲಿ ಅಷ್ಟೇ ಸಡಿಲವಾಗಿದೆ ಎಂಬುದೇ ನಮ್ಮ ಆಕ್ಷೇಪಣೆ.

ಪರೀಕ್ಷೆಯ ವಿಧಾನವನ್ನು ಸಂಕ್ಷೇಪವಾಗಿ ಹೇಳಬೇಕು. ಮಿಲಿಮೀಟರಿನ ಗೆರೆಗಳನ್ನು ಕೊರೆದಿರುವ ತೆಳುವಾದ ಶಲಾಕೆಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲನೆ ಇಳಿಸಿ, ಹಲ್ಲಿನ ಸುತ್ತಲೂ ನಾಲ್ಕರಿಂದ ಆರು ಕಡೆ ಆಳವನ್ನು ಅಳೆಯುತ್ತಾರೆ. ನಾಯಿಯಲ್ಲಿ ಮೂರು ಮಿಲಿಮೀಟರಿನವರೆಗೆ ಸಹಜ; ಬೆಕ್ಕಿನಲ್ಲಿ ಅರ್ಧ ಮಿಲಿಮೀಟರು, ಹೆಚ್ಚೆಂದರೆ ಒಂದು. ವಸಡು ಎಷ್ಟು ಕೆಳಗಿಳಿದಿದೆ, ಬೇರುಗಳ ಕವಲಿನೊಳಕ್ಕೆ ಶಲಾಕೆ ಹೋಗುತ್ತದೆಯೆ, ಹಲ್ಲು ಎಷ್ಟು ಅಲುಗಾಡುತ್ತದೆ ಎಂಬುದನ್ನೂ ಬರೆಯುತ್ತಾರೆ. ಕ್ಷಕಿರಣದ ಚಿತ್ರಗಳನ್ನೂ ಸೇರಿಸಿಕೊಂಡು ಕೊನೆಗೆ ಪ್ರತಿಯೊಂದು ಹಲ್ಲಿಗೂ ಒಂದು ಘಟ್ಟವನ್ನು ನಿರ್ಣಯಿಸುತ್ತಾರೆ. ವಸಡಿನ ಉರಿಯೂತ ಮಾತ್ರವಿದ್ದು ಆಧಾರ ಕೆಡದಿದ್ದರೆ ಮೊದಲ ಘಟ್ಟ. ಆಧಾರದ ಕಾಲುಭಾಗಕ್ಕಿಂತ ಕಡಮೆ ನಷ್ಟವಾಗಿದ್ದರೆ ಎರಡನೆಯದು. ಕಾಲಿನಿಂದ ಅರ್ಧದವರೆಗೆ ಮೂರನೆಯದು. ಅರ್ಧಕ್ಕೆ ಮೀರಿದರೆ ನಾಲ್ಕನೆಯದು.

ಇಲ್ಲಿ ಬರೆದ ಅಂಕೆ ಸತ್ಯವಾಗಿದ್ದೂ ಓದುವವನನ್ನು ದಾರಿತಪ್ಪಿಸಬಲ್ಲದು. ಎರಡು ಮಿಲಿಮೀಟರಿನ ಆಳವೆಂದು ಬರೆದಿದೆಯೆನ್ನೋಣ. ಅದು ಸಹಜದ ಮಿತಿಯೊಳಗೇ ಇದೆ. ಆದರೆ ವಸಡು ಈಗಾಗಲೇ ಐದು ಮಿಲಿಮೀಟರು ಇಳಿದು ಬೇರು ಹೊರಗೆ ಕಾಣುತ್ತಿದ್ದರೆ ಆಧಾರದ ನಷ್ಟ ಎರಡಲ್ಲ, ಏಳು. ಇದಕ್ಕೆ ವಿರುದ್ಧವಾಗಿ ಬಾಕ್ಸರ್ ನಾಯಿಗಳಲ್ಲಿ ವಸಡೇ ಬೆಳೆದು ಹಲ್ಲನ್ನು ಮುಚ್ಚುವುದುಂಟು. ಅಲ್ಲಿ ಶಲಾಕೆ ಆರು ಮಿಲಿಮೀಟರು ಇಳಿದರೂ ಬುಡದ ಮೂಳೆ ಭದ್ರವಾಗಿರಬಹುದು. ಗಾತ್ರದ ಮಾತೂ ಇದೆ. ಹತ್ತು ಮಿಲಿಮೀಟರಿನ ಬೇರಿಗೆ ಮೂರು ಮಿಲಿಮೀಟರಿನ ನಷ್ಟವಾದರೆ ಅದು ಮೂರನೆಯ ಘಟ್ಟ. ಮೂವತ್ತು ಮಿಲಿಮೀಟರಿನ ಕೋರೆಹಲ್ಲಿಗೆ ಅದೇ ನಷ್ಟವಾದರೆ ಎರಡನೆಯ ಘಟ್ಟ ಮಾತ್ರ. ಹೀಗಿರುವಾಗ ಆಳವನ್ನು ಬರೆದು ಇಳಿತವನ್ನು ಬರೆಯದ ನಕ್ಷೆಯು ವರ್ಷವನ್ನು ಹೇಳಿ ಶಕವನ್ನು ಹೇಳದ ಶಾಸನದಂತೆ, ಅಂಕೆಯಿದೆ, ಕಾಲನಿರ್ಣಯವಿಲ್ಲ.

ವಸಡಿನ ಉರಿಯೂತಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಕ್ರಮದ ಹುಟ್ಟನ್ನೂ ಗಮನಿಸಬೇಕು. ಲೋ ಮತ್ತು ಸಿಲ್‌ನೆಸ್ ಎಂಬ ವಿದ್ವಾಂಸರು ೧೯೬೩ರಲ್ಲಿ ಗರ್ಭಿಣಿಯರ ವಸಡುಗಳ ಸ್ಥಿತಿಯನ್ನು ಅಧ್ಯಯನ ಮಾಡುವಾಗ ಇದನ್ನು ರೂಪಿಸಿದರು. ಕೆಂಪೇರಿದ್ದರೆ ಒಂದು, ಶಲಾಕೆ ತಾಕಿದಾಗ ರಕ್ತ ಬಂದರೆ ಎರಡು, ತಾನಾಗಿಯೇ ರಕ್ತ ಒಸರುವಂತಿದ್ದರೆ ಮೂರು. ಅದೇ ಅಳತೆಗೋಲು ಬಳಿಕ ನಾಯಿಗಳ ಬಾಯಿಗೂ ಬಂದಿತು. ಬರುವುದಕ್ಕೆ ಕಾರಣವೂ ಇತ್ತು. ಲಿಂಡೆ ಮತ್ತು ಅವನ ಸಂಗಡಿಗರು ನಾಲ್ಕು ವರ್ಷಗಳ ಕಾಲ ಬೀಗಲ್ ನಾಯಿಗಳನ್ನು ಇಟ್ಟುಕೊಂಡು, ಕೆಲವಕ್ಕೆ ಹಲ್ಲುಜ್ಜಿ ಕೆಲವಕ್ಕೆ ಉಜ್ಜದೆ ನಡೆಸಿದ ಪ್ರಯೋಗವನ್ನು ೧೯೭೫ರಲ್ಲಿ ಪ್ರಕಟಿಸಿದರು. ಪಾಚಿ ಕೂಡಲು ಬಿಟ್ಟ ಬಾಯಲ್ಲಿ ಮೊದಲು ವಸಡು, ಬಳಿಕ ಮೂಳೆ ಕೆಡುತ್ತದೆಂಬುದು ಅದರಿಂದ ಸ್ಪಷ್ಟವಾಯಿತು. ಆ ಪ್ರಯೋಗಗಳ ಗುರಿ ನಾಯಿಯಲ್ಲ, ಮನುಷ್ಯ. ಮನುಷ್ಯನ ಬಾಯನ್ನು ಅರಿಯಲು ನಾಯಿಯ ಬಾಯನ್ನು ಅಳೆದರು. ನಾಯಿಯ ಬಾಯನ್ನು ಅದರ ಹಿತಕ್ಕಾಗಿಯೇ ಅಳೆಯುವ ಶಾಸ್ತ್ರ ಆ ಸಲಕರಣೆಗಳನ್ನೇ ಎರವಲು ಪಡೆಯಿತು. ಇದನ್ನು ದೋಷವೆನ್ನಲಾಗದು. ಆದರೆ ದಂತವೈದ್ಯರು ಹೇಳಿದಾಗ ಬಾಯಿ ತೆರೆದು ಕುಳಿತಿರುವ ರೋಗಿಗಾಗಿ ಹುಟ್ಟಿದ ಅಳತೆಯನ್ನು, ಎಚ್ಚರವಾಗಿರುವಾಗ ಶಲಾಕೆಯನ್ನೇ ಹತ್ತಿರಕ್ಕೆ ಬಿಡದ ರೋಗಿಗೆ ಅನ್ವಯಿಸುತ್ತಿದ್ದೇವೆಂಬುದು ನೆನಪಿರಬೇಕು.

ಈಗ ಮುಖ್ಯವಾದ ಮಾತಿಗೆ ಬರಬಹುದು. ನಾಯಿಯ ೪೨ ಹಲ್ಲುಗಳಲ್ಲಿ ಒಂದೊಂದಕ್ಕೂ ಆರು ಕಡೆ ಅಳೆದರೆ ೨೫೨ ಅಳತೆಗಳಾಗುತ್ತವೆ. ಇಷ್ಟನ್ನೂ ಬರೆಯುವ ವ್ಯವಧಾನ ಎಲ್ಲಿಯೂ ಇರಲಾರದು. ಆದುದರಿಂದ ಅಸಹಜವಾದುದನ್ನು ಮಾತ್ರ ಬರೆದು ಉಳಿದ ಮನೆಗಳನ್ನು ಖಾಲಿ ಬಿಡುವುದು ರೂಢಿ. ಬರೆದ ವೈದ್ಯರಿಗೆ ಆ ದಿನ ಇದರಿಂದ ತೊಡಕಿಲ್ಲ. ತಾವು ಏನನ್ನು ನೋಡಿದೆವೆಂಬುದು ಅವರಿಗೆ ಗೊತ್ತು. ಐದು ವರ್ಷಗಳಾದ ಮೇಲೆ ಆ ಕಾಗದವನ್ನು ಓದುವವರಿಗೆ ಖಾಲಿ ಮನೆ ಎರಡು ಅರ್ಥಗಳನ್ನು ಕೊಡುತ್ತದೆ: ನೋಡಿದರು, ಸಹಜವಾಗಿತ್ತು, ಅಥವಾ ನೋಡಲೇ ಇಲ್ಲ. ಇವೆರಡೂ ಒಂದಕ್ಕೊಂದು ತೀರ ದೂರವಾದ ಅರ್ಥಗಳು. ಶಾಸನಗಳನ್ನು ಸಂಪಾದಿಸುವವರು ಅಳಿದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಡುತ್ತಾರೆ, ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ಬರೆಯುತ್ತಾರೆ. ಕಲ್ಲಿನಲ್ಲಿ ಏನೂ ಬರೆದಿಲ್ಲವೆಂಬುದನ್ನೂ ಬರೆದುದು ನಮಗೆ ಓದಲಾಗಲಿಲ್ಲವೆಂಬುದನ್ನೂ ಬೇರೆ ಬೇರೆಯಾಗಿ ತಿಳಿಸದ ಸಂಪಾದಕನ ಪಾಠವನ್ನು ಯಾವ ವಿದ್ಯಾರ್ಥಿಯೂ ನಂಬುವುದಿಲ್ಲ. ದಂತನಕ್ಷೆಗೆ ಈ ಚುಕ್ಕೆ ಇನ್ನೂ ಬರಬೇಕಾಗಿದೆ.

ಇದು ಕೇವಲ ಪಂಡಿತರ ತಕರಾರಲ್ಲವೆಂಬುದಕ್ಕೆ ನಮ್ಮ ಮನೆಯ ಬೆಕ್ಕಿನ ಚೀಟಿಯನ್ನು ಉದಾಹರಿಸಬಹುದು. ಲಸಿಕೆಗಾಗಿ ಅದನ್ನು ವರ್ಷಕ್ಕೊಮ್ಮೆ ಪಶುವೈದ್ಯಶಾಲೆಯೊಂದಕ್ಕೆ ಕೊಂಡೊಯ್ಯುತ್ತಿದ್ದೆವು. ನಾಲ್ಕು ವರ್ಷಗಳ ನಾಲ್ಕು ಸಾಲುಗಳಲ್ಲಿಯೂ ‘ಬಾಯಿ: ಸರಿ’ ಎಂದಿದೆ. ಐದನೆಯ ವರ್ಷ ಅದು ತಲೆಯನ್ನು ಓರೆಮಾಡಿ ಒಂದೇ ಕಡೆಯಿಂದ ತಿನ್ನತೊಡಗಿತು. ಬಾಯಿಗೆ ತೆಗೆದುಕೊಂಡುದನ್ನು ಕೆಳಗೆ ಬೀಳಿಸುತ್ತಿತ್ತು. ಬೇರೊಂದು ಕಡೆ ಅರಿವಳಿಕೆ ಕೊಟ್ಟು ಪರೀಕ್ಷಿಸಿದಾಗ ೩೦೭, ೪೦೭ ಎರಡೂ ಬುಡದಲ್ಲಿ ಕರಗಿಹೋಗಿದ್ದುವು. ಹಿಂದಿನ ಹಲ್ಲುಗಳ ಸುತ್ತ ಮೂಳೆ ಸವೆದಿತ್ತು. ಇಂಥದು ಒಂದು ವರ್ಷದಲ್ಲಿ ಆದುದಲ್ಲವೆಂದು ವೈದ್ಯರು ತಿಳಿಸಿದರು. ಹಿಂದಿನ ನಾಲ್ಕು ‘ಸರಿ’ಗಳು ಸುಳ್ಳೆಂದು ನಾವು ಹೇಳುವುದಿಲ್ಲ. ತುಟಿಯೆತ್ತಿ ನೋಡಿದಷ್ಟು ಸರಿಯಾಗಿತ್ತು ಎಂಬುದು ಅವುಗಳ ಅರ್ಥ. ಆ ಮಿತಿ ಚೀಟಿಯಲ್ಲಿ ಇರಲಿಲ್ಲ. ಅದನ್ನು ಓದಿದ ನಾವು ಬೆಕ್ಕು ನೋವಿಲ್ಲದೆ ಇದೆಯೆಂದು ನಂಬಿ ಸುಮ್ಮನಿದ್ದೆವು. ತನ್ನ ನೋವನ್ನು ಹೇಳಿಕೊಳ್ಳಲಾರದ ಪ್ರಾಣಿಯ ಪರವಾಗಿ ಮಾತಾಡಬೇಕಾದುದು ಆ ಕಾಗದವೊಂದೇ ಆಗಿತ್ತು.

ಎಚ್ಚರವಾಗಿರುವ ಪ್ರಾಣಿಯಲ್ಲಿ ಕಾಣುವುದು ಹಲ್ಲುಗಳ ಹೊರಮೈ ಮಾತ್ರ. ನಾಲಗೆಯ ಕಡೆಯ ಮೈ ಕಾಣುವುದಿಲ್ಲ, ಆಳವನ್ನು ಅಳೆಯಲಾಗುವುದಿಲ್ಲ, ಮೂಳೆಯಂತೂ ಗೋಚರವಾಗುವುದೇ ಇಲ್ಲ. ವಾಲಿಸ್ ಮತ್ತು ಹಾಲ್ಕೋಂಬ್ ಎಂಬವರು ಹಿಂದಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ೨೦೨೦ರಲ್ಲಿ ಬರೆದ ಸಮೀಕ್ಷೆಯಲ್ಲಿ ಈ ಭೇದ ಕಣ್ಣಿಗೆ ಹೊಡೆಯುವಂತಿದೆ. ಎಚ್ಚರವಾಗಿರುವಾಗ ನೋಡಿದ ಅಧ್ಯಯನಗಳಲ್ಲಿ ರೋಗದ ಪ್ರಮಾಣ ನೂರಕ್ಕೆ ಸುಮಾರು ೯ರಿಂದ ೧೮. ಬಾಯಿಯನ್ನು ವಿವರವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಅದು ೪೪ಕ್ಕೆ ಕಡಮೆಯಿಲ್ಲ. ಚೆಕ್ ದೇಶದಲ್ಲಿ ೪೦೮ ಸಾಕುನಾಯಿಗಳನ್ನು ಕುರಿತು ೨೦೦೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ೬೦. ವಿವರವಾದ ಪರೀಕ್ಷೆಯೂ ಕೊನೆಯ ಮಾತಲ್ಲ. ವರ್ಸ್ಟ್ರೇಟ್ ಮತ್ತು ಸಂಗಡಿಗರು ೧೯೯೮ರಲ್ಲಿ ನಾಯಿ ಬೆಕ್ಕುಗಳ ಇಡೀ ಬಾಯಿಯ ಕ್ಷಕಿರಣ ಚಿತ್ರಗಳನ್ನು ತೆಗೆದಾಗ, ಕಣ್ಣಿಗೂ ಶಲಾಕೆಗೂ ದೋಷ ಕಾಣದಿದ್ದ ಕಡೆಗಳಲ್ಲಿಯೂ ಚಿಕಿತ್ಸೆಗೆ ಮುಖ್ಯವಾದ ಸಂಗತಿಗಳು ನೂರಕ್ಕೆ ಸುಮಾರು ೨೮ ನಾಯಿಗಳಲ್ಲಿ, ಸುಮಾರು ೪೨ ಬೆಕ್ಕುಗಳಲ್ಲಿ ಹೊರಬಿದ್ದುವು. ಇವು ಒಂದೇ ರೋಗದ ಬೇರೆ ಬೇರೆ ಪ್ರಮಾಣಗಳಲ್ಲ; ಸಾಕ್ಷಿಗಳು ನಿಂತ ಬೇರೆ ಬೇರೆ ದೂರಗಳು.

ಪರೀಕ್ಷೆಗೆ ಯಾವ ಅಡ್ಡಿಯೂ ಇಲ್ಲದ ಸಾಕ್ಷಿಯೊಂದಿದೆ, ತಲೆಬುರುಡೆ. ದಕ್ಷಿಣ ಆಫ್ರಿಕಕ್ಕೆ ಸೇರಿದ, ಅಂಟಾರ್ಕ್ಟಿಕದತ್ತ ಇರುವ ಮೇರಿಯನ್ ದ್ವೀಪದ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೂ ಸ್ವಾರಸ್ಯವಾಗಿದೆ. ಇಲಿಗಳ ಕಾಟ ತಡೆಯಲು ೧೯೪೯ರಲ್ಲಿ ಅಲ್ಲಿಗೆ ಐದು ಬೆಕ್ಕುಗಳನ್ನು ತಂದರು. ೧೯೭೭ರ ವೇಳೆಗೆ ಅವು ಸುಮಾರು ೩,೪೦೦ ಆಗಿ ಕಡಲಹಕ್ಕಿಗಳನ್ನು ಲಕ್ಷಗಟ್ಟಲೆ ತಿನ್ನುತ್ತಿದ್ದುವು. ದೀರ್ಘಕಾಲದ ಕಾರ್ಯಾಚರಣೆಯ ಬಳಿಕ ೧೯೯೧ರಲ್ಲಿ ದ್ವೀಪದ ಬೆಕ್ಕುಗಳ ಸಂತತಿ ಮುಗಿಯಿತು. ಹಾಗೆ ಕೊಂದ ಬೆಕ್ಕುಗಳಲ್ಲಿ ಸುಮಾರು ಮುನ್ನೂರರ ತಲೆಬುರುಡೆಗಳನ್ನು ಪರೀಕ್ಷಿಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೬೨ರಲ್ಲಿ ಮೂಳೆಯವರೆಗೆ ಇಳಿದ ರೋಗದ ಗುರುತುಗಳಿದ್ದುವು. ಇವು ಡಬ್ಬಿಯ ಆಹಾರವನ್ನು ಕಂಡವಲ್ಲ, ಮನೆಯ ಮೆತ್ತನೆಯ ಊಟವನ್ನು ಉಂಡವಲ್ಲ. ಹಸಿಯ ಹಕ್ಕಿಯನ್ನು ಎಲುಬುಸಹಿತ ಅಗಿದು ಬದುಕಿದವು. ಕಾಡಿನ ಪ್ರಾಣಿಯ ಬಾಯಿ ಸ್ವಚ್ಛ, ಸಾಕಿದುದರಿಂದಲೇ ರೋಗ ಬಂತು ಎಂಬ ಜನಪ್ರಿಯವಾದ ನಂಬಿಕೆಗೆ ಈ ಬುರುಡೆಗಳು ಎದುರುಸಾಕ್ಷಿ ನುಡಿಯುತ್ತವೆ.

ಆಸ್ಟ್ರೇಲಿಯದಲ್ಲಿ ಕ್ಲಾರ್ಕ್ ಮತ್ತು ಕ್ಯಾಮರನ್ ೧೯೯೮ರಲ್ಲಿ ಸಾಕುಬೆಕ್ಕುಗಳನ್ನೂ ಕಾಡುಪಾಲಾದ ಬೆಕ್ಕುಗಳನ್ನೂ ಹೋಲಿಸಿ ಕಂಡುಕೊಂಡುದು ಇನ್ನೂ ಅರ್ಥವತ್ತಾಗಿದೆ. ಕಾಡಿನವುಗಳ ಹಲ್ಲಿನ ಮೇಲೆ ಕಿಟ್ಟ ಕಡಮೆ. ಆದರೆ ಆಧಾರದ ರೋಗದಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸವಿಲ್ಲ. ಎಂದರೆ ಕಣ್ಣಿಗೆ ಕಾಣುವ ಕಿಟ್ಟ ಒಳಗಿನ ರೋಗಕ್ಕೆ ನಂಬಿಕೆಗೆ ತಕ್ಕ ಪ್ರತಿನಿಧಿಯಲ್ಲ. ಎಚ್ಚರವಾಗಿರುವ ಪ್ರಾಣಿಯನ್ನು ನೋಡಿ ಬರೆದ ದಾಖಲೆಗಳೋ ಬಹುಮಟ್ಟಿಗೆ ಈ ಕಿಟ್ಟವನ್ನೇ ಅವಲಂಬಿಸಿವೆ. ಬುರುಡೆಗೂ ತನ್ನದೇ ಆದ ಮೌನವಿದೆಯೆಂಬುದನ್ನು ಹೇಳದೆ ಬಿಡಬಾರದು. ವಸಡು ಕೊಳೆತುಹೋಗಿರುವುದರಿಂದ ಮೊದಲ ಘಟ್ಟದ ರೋಗಕ್ಕೆ ಅಲ್ಲಿ ಕುರುಹೇ ಉಳಿದಿರುವುದಿಲ್ಲ.

ಹಾಗಾದರೆ ನೂರಕ್ಕೆ ೮೦ ಎಂಬ ವಾಕ್ಯದ ಗತಿಯೇನು? ವಸಡು ಕೆಂಪಾದ ಮೊದಲ ಘಟ್ಟವನ್ನೂ ರೋಗವೆಂದು ಎಣಿಸಿದರೆ ಅಂಥ ಸಂಖ್ಯೆ ಬರುವುದು ಅಸಂಭವವಲ್ಲ; ಮೂಳೆ ಕೆಟ್ಟ ಘಟ್ಟಗಳನ್ನು ಮಾತ್ರ ಎಣಿಸಿದರೆ ಮೂರು ವರ್ಷದ ನಾಯಿಗಳಲ್ಲಿ ಅದು ನಂಬುವಂತಿಲ್ಲ. ಯಾವುದನ್ನು ಎಣಿಸಿತೆಂದು ಹೇಳದ ವಾಕ್ಯವು ಪ್ರಮಾಣವಾಗಲಾರದು. ಅದು ವದಂತಿಯ ವರ್ಗಕ್ಕೆ ಸೇರಿದುದು. ಹಾಗೆಂದು ೧೨.೫ನ್ನು ಹಿಡಿದುಕೊಂಡು, ನೋಡಿರಿ, ರೋಗ ಇಷ್ಟೇ, ಉಳಿದುದು ವ್ಯಾಪಾರಿಗಳ ಬೆದರಿಕೆ ಎನ್ನುವವರನ್ನೂ ನಾವು ಒಪ್ಪುವುದಿಲ್ಲ. ಆ ಸಂಖ್ಯೆ ರೋಗವುಳ್ಳ ನಾಯಿಗಳದಲ್ಲ, ರೋಗವೆಂದು ಬರೆಸಿಕೊಂಡ ನಾಯಿಗಳದು. ಅಧ್ಯಯನಕಾರರೂ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚಿರಬಹುದೆಂಬುದನ್ನು ಮರೆಮಾಚಿಲ್ಲ. ಅದೇ ಬಗೆಯ ದಾಖಲೆಗಳಿಂದ ೨೦೨೩ರಲ್ಲಿ ಬೆಕ್ಕುಗಳಿಗೆ ಬಂದ ನೂರಕ್ಕೆ ಸುಮಾರು ೧೫ ಎಂಬ ಲೆಕ್ಕಕ್ಕೂ ಈ ಮಾತೇ ಸಲ್ಲುತ್ತದೆ. ಶಾಸನದಲ್ಲಿ ಹೆಸರಿಲ್ಲದ ಊರು ಆ ಕಾಲದಲ್ಲಿ ಇರಲೇ ಇಲ್ಲವೆಂದು ವಾದಿಸುವವರನ್ನು ನಾವು ಕಂಡಿದ್ದೇವೆ. ಇದೂ ಅಂಥದೇ ವಾದ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ, ದಾಖಲೆಯಾಗಿ ನಾವು ೧೨.೫ನ್ನು ಗೌರವಿಸುತ್ತೇವೆ, ಅದು ತಾನು ಬಂದ ದಾರಿಯನ್ನು ತೋರಿಸುತ್ತದೆ.

ಈ ಗೊಂದಲದಿಂದ ಆಗುವ ಹಾನಿ ಕಾಗದದ ಮೇಲೆ ನಿಲ್ಲುವುದಿಲ್ಲ. ಅರಿವಳಿಕೆಯಿಲ್ಲದೆ ನಾಯಿ ಬೆಕ್ಕುಗಳನ್ನು ಹಿಡಿದಿಟ್ಟು ಹಲ್ಲಿನ ಹೊರಮೈಯ ಕಿಟ್ಟವನ್ನು ಕೆರೆದುಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಅಮೆರಿಕದ ಪಶುದಂತವೈದ್ಯ ಕಾಲೇಜು ಇದನ್ನು ವಿರೋಧಿಸಿದೆ. ೨೦೨೦ರಲ್ಲಿ ಪ್ರಕಟವಾದ ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘದ ಮಾರ್ಗಸೂಚಿಯೂ ವಿರೋಧಿಸುತ್ತದೆ. ನೋವು, ಭಯಗಳ ಮಾತು ಹಾಗಿರಲಿ; ನಮಗೆ ಇದರಲ್ಲಿ ಕಾಣುವ ಇನ್ನೊಂದು ಕೆಡುಕೆಂದರೆ ಅದು ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ. ವಸಡಿನ ಕೆಳಗಿನ ರೋಗ ಇದ್ದಂತೆಯೇ ಇರುತ್ತದೆ. ಅದನ್ನು ಹೊರಗಿನಿಂದ ಸೂಚಿಸುತ್ತಿದ್ದ ಒಂದೇ ಒಂದು ಗುರುತು, ದುರ್ಬಲವಾದುದೇ ಆದರೂ, ಮಾಯವಾಗಿರುತ್ತದೆ. ಮುಂದಿನ ಸಲ ತುಟಿಯೆತ್ತಿದವರು ಬಿಳಿಯ ಹಲ್ಲನ್ನು ಕಂಡು ಮತ್ತೊಂದು ‘ಸರಿ’ ಬರೆಯುತ್ತಾರೆ. ಅರಿವಳಿಕೆಗೆ ಖರ್ಚಿದೆ, ಸ್ವಲ್ಪಮಟ್ಟಿನ ಅಪಾಯವೂ ಇದೆ. ಪ್ರತಿಯೊಂದು ಪ್ರಾಣಿಗೂ ಪ್ರತಿವರ್ಷವೂ ಪೂರ್ಣ ನಕ್ಷೆಯನ್ನು ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಬರೆಯಲಾಗದಿದ್ದುದನ್ನು ಬರೆಯಲಾಗಲಿಲ್ಲವೆಂದು ತಿಳಿಸುವುದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ನಮ್ಮ ಬೆಕ್ಕಿಗೆ ಶಸ್ತ್ರಕ್ರಿಯೆಯಾದ ದಿನ ಕೊಟ್ಟ ನಕ್ಷೆ ಈಗ ನಮ್ಮ ಮೇಜಿನ ಮೇಲಿದೆ. ೩೦೭, ೪೦೭ಗಳ ಮೇಲೆ ಕಿತ್ತ ಗುರುತು. ೩೦೮, ೪೦೮ಗಳ ಬಳಿ ಎರಡನೆಯ ಘಟ್ಟ. ಮೇಲ್ದವಡೆಯ ಎಡಭಾಗದಲ್ಲಿ ೨೦೬ರಿಂದ ೨೦೯ರವರೆಗೆ ಕ್ಷಕಿರಣದ ಸಾಲು ಖಾಲಿಯಾಗಿತ್ತು. ಅಲ್ಲಿ ದೋಷವಿರಲಿಲ್ಲವೆ ಎಂದು ಕೇಳಿದೆವು. ಅರಿವಳಿಕೆಯ ಹೊತ್ತು ಮೀರುತ್ತಿದ್ದುದರಿಂದ ಆ ಭಾಗದ ಚಿತ್ರ ತೆಗೆಯಲಿಲ್ಲವೆಂದು ವೈದ್ಯರು ಹೇಳಿದರು. ಅದನ್ನು ನಕ್ಷೆಯಲ್ಲಿ ಕಾಣಿಸಬಹುದೆ ಎಂದಾಗ ಅಚ್ಚಾದ ಸಂಕೇತಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಕ್ಕುದು ಸಿಗಲಿಲ್ಲ. ಬಳಿಕ ಆ ನಾಲ್ಕು ಮನೆಗಳಿಗೂ ಅಡ್ಡಲಾಗಿ ಗೆರೆಯೆಳೆದು ಅಂಚಿನಲ್ಲಿ ಪೆನ್ಸಿಲಿನಿಂದ ‘ಚಿತ್ರ ತೆಗೆದಿಲ್ಲ’ ಎಂದು ಬರೆದು, ಕೆಳಗೆ ತಾರೀಖು ಹಾಕಿದರು.